ಎಕ್ಸ್‌ವಿ6 ಲ್ಯಾಬ್ ನೋಟ್ಸ್ ಹಳೆಯದಾಗಿದೆ, ಹೇಗೆ ಸರಿಪಡಿಸಲಿ?

ಪ್ರಶ್ನೆ (ಹುಬ್ಬಳ್ಳಿಯ ಲ್ಯಾಬ್ ಮೇಡಂ):
ವಿದ್ಯಾನಗರದ ಕಡೆ ಒಂದು ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಎಂಐಟಿಯವರು ಪಾಠಕ್ಕಂತಲೇ 2006ರಲ್ಲಿ ಶುರು ಮಾಡಿದ ಎಕ್ಸ್‌ವಿ6 ಅನ್ನುವ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬಳಸುತ್ತೇವೆ. ನಮ್ಮ ಕನ್ನಡ ನೋಟ್ಸ್ ಅದು ಎಕ್ಸ್86 ಪ್ರೊಸೆಸರಿಗೆ ಇದ್ದ ಕಾಲದ್ದು. ಲ್ಯಾಬಿನಲ್ಲಿರುವುದು ರಿಸ್ಕ್-ವಿ ಅನ್ನುವ ಬೇರೆ ಪ್ರೊಸೆಸರಿನ ಆವೃತ್ತಿ. ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ನಿಂದ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಮೂಲ ಭಾಗದಿಂದ, ಕೆಲಸ ಕೇಳುವುದು) ಅಂದರೆ 'ಇಂಟ್ 64' ಸೂಚನೆ, ಕಾಲ್‌ನ ನಂಬರ್ ಇಎಎಕ್ಸ್ ರಿಜಿಸ್ಟರ್‌ನಲ್ಲಿ ಅಂತ ನೋಟ್ಸ್ ಹೇಳುತ್ತದೆ. ಕೋಡಿನಲ್ಲಿ ಇರುವುದು ಇಕಾಲ್ ಸೂಚನೆ, ನಂಬರ್ ಎ7 ರಿಜಿಸ್ಟರ್‌ನಲ್ಲಿ. ನೋಟ್ಸ್‌ನಲ್ಲಿ ಕೊಟ್ಟಿರುವ ಕೋಡಿನ ಸಾಲಿನ ನಂಬರುಗಳಂತೂ ಒಂದೂ ಹೊಂದುವುದಿಲ್ಲ.

ಗದಗ, ಹಾವೇರಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಇದನ್ನೇ ನಂಬಿ ಕೂರುತ್ತಾರೆ. ಹೊಂದದಿದ್ದರೆ ತಮಗೇ ತಲೆಗೆ ಹತ್ತುತ್ತಿಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಅದನ್ನು ನೋಡಲಾಗುವುದಿಲ್ಲ. ಒಮ್ಮೆ ತಿದ್ದಿದರೆ ಮುಂದೆಯೂ ಸರಿಯಾಗಿ ಉಳಿಯಬೇಕು. ದಾರಿ ಹೇಳಿ.

ಉತ್ತರ (ಧಾರವಾಡ):
ಮೇಡಂ, ಸಾಲಿನ ನಂಬರ್ ಕೈಯಿಂದ ಬರೆಯಲೇಬೇಡಿ. ಎಕ್ಸ್‌ವಿ6 ಪುಸ್ತಕ ಬರೆದವರೂ ಹಾಗೆ ಮಾಡುವುದಿಲ್ಲ. ಯಾವ ಫೈಲಿನಲ್ಲಿ ಯಾವ ಪದ ಹುಡುಕಬೇಕು ಅಂತ ಬರೆದಿಡುತ್ತಾರೆ, ನಂಬರನ್ನು ಸ್ಕ್ರಿಪ್ಟ್ ತುಂಬುತ್ತದೆ. ಪದ ಸಿಗದಿದ್ದರೆ ಪಿಡಿಎಫ್ ಮಾಡುವಾಗಲೇ ನಿಲ್ಲುವ ಹಾಗೆ ನೀವು ಬರೆದುಕೊಳ್ಳಿ. ನೋಟ್ಸ್ ಕೋಡಿನ ಗಿಟ್ ರೆಪೊದಲ್ಲೇ (ಪ್ರತಿ ಬದಲಾವಣೆಯ ದಾಖಲೆ ಇಡುವ ಜಾಗ) ಇರಲಿ. ಸೆಮಿಸ್ಟರ್ ಶುರುವಾಗುವಾಗ ಒಂದು ಕಮಿಟ್‌ಗೆ (ಅದರಲ್ಲಿ ಉಳಿಸಿಟ್ಟ ಒಂದು ಹಂತಕ್ಕೆ) ಟ್ಯಾಗ್ ಹಾಕಿ, ಪರೀಕ್ಷೆ ಮುಗಿಯುವವರೆಗೂ ಅದೇ ಇರಲಿ.

ಉತ್ತರ (ಗದಗ, ಹಳೆಯ ವಿದ್ಯಾರ್ಥಿ):
ನಮಗೆ ಜಾಸ್ತಿ ತೊಂದರೆಯಾಗಿದ್ದು ಸಣ್ಣ ವಿಷಯಗಳಲ್ಲೇ ರೀ. ಎಕ್ಸ್‌ವಿ6 ಓಡಿಸಲು 'ಮೇಕ್ ಕ್ಯೂಇಎಂಯು' ಕೊಟ್ಟಮೇಲೆ ಹೊರಗೆ ಬರುವುದು ಹೇಗೆ ಅಂತ ಎಲ್ಲೂ ಇರಲಿಲ್ಲ. ಕಂಟ್ರೋಲ್-ಎ ಒತ್ತಿ ಬಿಟ್ಟು, ಆಮೇಲೆ ಎಕ್ಸ್. ಇದು ಮೊದಲ ಪುಟದಲ್ಲೇ ಇರಲಿ. ಜೂನಿಯರ್ ಒಬ್ಬರನ್ನು ಕೂರಿಸಿ, ನೋಟ್ಸ್ ಮಾತ್ರ ನೋಡಿ ಹೊಸ ಸಿಸ್ಟಮ್ ಕಾಲ್ ಸೇರಿಸಲು ಹೇಳಿ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ತಿದ್ದಿ.

ಮೇಡಂ:
ತುಂಬಾ ಉಪಕಾರವಾಯಿತು. ಫೋರ್ಕ್ (ಓಡುತ್ತಿರುವ ಪ್ರೋಗ್ರಾಂ, ಅಂದರೆ ಪ್ರೊಸೆಸ್‌ನ ನಕಲು ಮಾಡುವುದು), ಎಕ್ಸೆಕ್ (ಅದರಲ್ಲಿ ಹೊಸ ಪ್ರೋಗ್ರಾಂ ತುಂಬುವುದು) ಬೇರೆ ಬೇರೆ ಯಾಕೆ ಅನ್ನುವ ಪುಟಗಳು ಹಾಗೇ ಇರಲಿ. ಎರಡರ ನಡುವೆ ಶೆಲ್ (ನಾವು ಆಜ್ಞೆ ಕೊಡುವ ಪ್ರೋಗ್ರಾಂ) ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲನ್ನು ಸೂಚಿಸುವ ನಂಬರ್) ಬದಲಿಸುವುದನ್ನು ಹಿಂದಿನವರು ಬಹಳ ಚೆಂದ ಬರೆದಿದ್ದಾರೆ. ಟ್ರ್ಯಾಪ್ (ಪ್ರೋಗ್ರಾಂನಿಂದ ಕರ್ನಲ್‌ಗೆ ದಾಟುವುದು) ಅಧ್ಯಾಯ ಮಾತ್ರ ತೇಪೆಗೆ ಬಗ್ಗುವುದಿಲ್ಲ. ಎಕ್ಸ್86ನಲ್ಲಿ ಪ್ರತಿ ಪ್ರೊಸೆಸ್‌ನ ಪೇಜ್ ಟೇಬಲ್‌ನಲ್ಲೂ (ಯಾವ ವಿಳಾಸ ಮೆಮೊರಿಯಲ್ಲಿ ಎಲ್ಲಿದೆ ಅನ್ನುವ ಪಟ್ಟಿ) ಕರ್ನಲ್ ಇರುತ್ತಿತ್ತು. ಈಗ ಕರ್ನಲ್‌ಗೆ ಬೇರೆಯೇ ಪೇಜ್ ಟೇಬಲ್. ಅದಕ್ಕೇ ಟೇಬಲ್ ಬದಲಿಸುವ ಕೋಡ್ ಇರುವ ಟ್ರ್ಯಾಂಪೊಲಿನ್ ಅನ್ನುವ ಮೆಮೊರಿ ಪುಟ ಎರಡರಲ್ಲೂ ಒಂದೇ ವಿಳಾಸದಲ್ಲಿ ಇರಬೇಕು, ಇಲ್ಲದಿದ್ದರೆ ಟೇಬಲ್ ಬದಲಿಸಿದ ಕೂಡಲೇ ಮುಂದಿನ ಸೂಚನೆಯೇ ಸಿಗುವುದಿಲ್ಲ. ಅದನ್ನು ಮೊದಲಿನಿಂದ ಬರೆಯುತ್ತೇನೆ. ಕರಡು ಹಾಕಿದಾಗ ಇಬ್ಬರೂ ಓದಿ ಹೇಳ್ತೀರಲ್ವಾ?