ತೂಕ ಇಳಿಸುವ ಆಪರೇಷನ್: ಸ್ಲೀವ್ ಮಾಡಿಸಲೋ, ಬೈಪಾಸ್ ಮಾಡಿಸಲೋ? ಶುಗರ್, ಎದೆ ಉರಿ ಎರಡೂ ಇವೆ

ರೊಟ್ಟಿಬುಟ್ಟಿ, ಕಲಬುರಗಿ:
ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಎತ್ತರ 5 ಅಡಿ 2 ಇಂಚು, ತೂಕ 112 ಕೆ.ಜಿ. ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 45 ಬರುತ್ತದೆ. ಶುಗರ್ ಬಂದು ಎಂಟು ವರ್ಷ, ಈಗ ಇನ್ಸುಲಿನ್ ಕೂಡ ಇದೆ. ವಾಕಿಂಗ್ ಆಯಿತು, ರೊಟ್ಟಿ ಬಿಟ್ಟು ಓಟ್ಸ್ ತಿಂದದ್ದೂ ಆಯಿತು. ಹತ್ತು ಕೆ.ಜಿ ಇಳಿದರೆ ಒಂದು ಮದುವೆ ಸೀಸನ್‌ನಲ್ಲಿ ಹನ್ನೆರಡು ಏರುತ್ತದೆ. ಮಾಳಿಗೆ ಮೇಲೆ ಹಪ್ಪಳ ಒಣಗಿಸಲು ಹೋದರೆ ನಡುವಿನ ಮೆಟ್ಟಿಲಲ್ಲಿ ತಟ್ಟೆ ಕೆಳಗಿಟ್ಟು ಕೂತು, ದಮ್ಮು ತಗೊಂಡು ಮತ್ತೆ ಹತ್ತಬೇಕು.

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸೋಣ ಅಂತ ಕೇಳಿದರೆ, ಹೈದರಾಬಾದಿನಲ್ಲಿ ಒಬ್ಬ ಡಾಕ್ಟರು ಹತ್ತು ನಿಮಿಷ ಮಾತಾಡಿ ಸ್ಲೀವ್ ಅಂದರು. ಸೋಲಾಪುರದವರು ಬೈಪಾಸ್ ಅಂದರು. ನಾದಿನಿ ಸ್ಲೀವ್ ಮಾಡಿಸಿ ವರ್ಷದಲ್ಲಿ 35 ಕೆ.ಜಿ ಇಳಿದಿದ್ದಾಳೆ, ದಿನಾ ಫೋನ್ ಮಾಡಿ "ಅದನ್ನೇ ಮಾಡಿಸ್ರಿ ವೈನಿ" ಅನ್ನುತ್ತಾಳೆ. ನನಗೆ ರಾತ್ರಿ ಮಲಗಿದರೆ ಎದೆ ಉರಿ, ಹುಳಿ ತೇಗು, ತಲೆ ಕೆಳಗೆ ಎರಡು ದಿಂಬು ಬೇಕೇ ಬೇಕು. ಇದನ್ನು ಇಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಶಹಾಪುರದ ಮೇಷ್ಟ್ರು:
ಇದೆ ಅಕ್ಕಾ. ಮೊದಲು ನೋಡಬೇಕಾದದ್ದೇ ಅದು. ನಾನು 2021ರಲ್ಲಿ ಸ್ಲೀವ್ ಮಾಡಿಸಿದವನು. ಹೊಟ್ಟೆಯ ಮುಕ್ಕಾಲು ಭಾಗ, ಕೆಲವೊಮ್ಮೆ 80 ಪರ್ಸೆಂಟ್‌ವರೆಗೆ, ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ತೆಗೆದದ್ದು ತೆಗೆದಂಗೇ, ಮತ್ತೆ ಜೋಡಿಸೋಕೆ ಆಗಲ್ಲ. ಹಸಿವು ಹುಟ್ಟಿಸುವ ಹಾರ್ಮೋನ್ ಜಾಸ್ತಿ ಬರುವುದು ಆ ತೆಗೆದ ಭಾಗದಿಂದಲೇ, ಅದಕ್ಕೇ ಹಸಿವೂ ಕಡಿಮೆಯಾಗುತ್ತದೆ. ಕರುಳಿನ ತಂಟೆಗೆ ಹೋಗುವುದಿಲ್ಲ, ಅದು ಒಳ್ಳೆಯದು.

ಆದರೆ ಕೊಳವೆ ಸಣ್ಣದಾದ ಮೇಲೆ ಒಳಗೆ ಒತ್ತಡ ಜಾಸ್ತಿ, ಆಸಿಡ್ ಮೇಲೆ ನುಗ್ಗುತ್ತದೆ. ನನಗೆ ಮುಂಚೆ ಸ್ವಲ್ಪ ಇತ್ತು. ಈಗ ಬೆಳಿಗ್ಗೆ ಮಾತ್ರೆ ನುಂಗದೆ ಚಹಾ ಮುಟ್ಟುವಂತಿಲ್ಲ. 126 ಇದ್ದವನು 88ಕ್ಕೆ ಬಂದಿದ್ದೇನೆ, ಮಾಡಿಸಿದ್ದಕ್ಕೆ ಬೇಜಾರಿಲ್ಲ. ಆದರೆ ನಾನು ಹೋದ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಒಳಗೆ ನೋಡುವುದು) ಮಾತೇ ಎತ್ತಲಿಲ್ಲ, ಆ ಸಿಟ್ಟು ಇನ್ನೂ ಇದೆ. ಈಗ ಬೈಪಾಸ್‌ಗೆ ಬದಲಿಸಬಹುದಂತೆ. ಎರಡನೇ ಸಲ ಟೇಬಲ್ ಮೇಲೆ ಮಲಗಲು ನಮ್ಮ ಮನೆಯವರು ಬಿಡಬೇಕಲ್ಲ!

ಮಾಲ್ಪುರಿ ಬಿಟ್ಟವಳು, ಕಲಬುರಗಿ:
ನನ್ನದು ಬೈಪಾಸ್, ಮೂರು ವರ್ಷ ಆಯಿತು. ಮೇಲ್ಭಾಗದಲ್ಲಿ ಸುಮಾರು 30 ಎಂ.ಎಲ್ ಹಿಡಿಸುವ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಉಳಿದ ಹೊಟ್ಟೆ ಒಳಗೇ ಇರುತ್ತದೆ, ಊಟ ಮಾತ್ರ ಆ ಕಡೆ ಹೋಗುವುದಿಲ್ಲ. ನನಗೆ ಎದೆ ಉರಿ ಕೆಲವೇ ದಿನದಲ್ಲಿ ಹೋಯಿತು, ತೂಕ ಸರಿಯಾಗಿ ಇಳಿಯುವ ಮುಂಚೆಯೇ ಇನ್ಸುಲಿನ್ ನಿಂತಿತು.

ಕಷ್ಟ ಇಲ್ಲವೇ ಅಂದರೆ ಇದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಆಸೆ ತಡೆಯದೆ ಒಂದು ಮಾಲ್ಪುರಿ ತಿಂದೆ. ಇಪ್ಪತ್ತು ನಿಮಿಷಕ್ಕೆ ಮೈಯೆಲ್ಲ ಬೆವರು, ಎದೆ ಡಬಡಬ, ಆಮೇಲೆ ಬಾತ್ರೂಮಿಗೆ ಓಟ. ಡಂಪಿಂಗ್ ಅನ್ನುತ್ತಾರೆ. ಅವತ್ತೇ ಈ ಹೆಸರು ಇಟ್ಟುಕೊಂಡೆ.

ಇನ್ನೊಂದು ಮಾತು, ಬೇಸಿಗೆಯಲ್ಲಿ ಮಾತ್ರ ಮಾಡಿಸಬೇಡಿ. ನಾನು ಏಪ್ರಿಲ್‌ನಲ್ಲಿ ಮಾಡಿಸಿಕೊಂಡೆ. ನಮ್ಮೂರ ಬಿಸಿಲು ಗೊತ್ತಲ್ಲ, ಹೊರಗೆ 42 ಡಿಗ್ರಿ, ಬಾಯಿ ಒಣಗಿ ನಾಲಿಗೆ ಅಂಟುತ್ತದೆ, ತಂಬಿಗೆ ಎತ್ತಿ ಗಟಗಟ ಕುಡಿಯೋಣ ಅಂದರೆ ಆಗಲ್ಲ, ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ಅಳೆದು ಗುಟುಕರಿಸಬೇಕು. ಕೊನೆಗೆ ನೀರು ಸಾಲದೆ ಎರಡು ಬಾಟಲಿ ಸಲೈನ್ ಏರಿಸಿಕೊಂಡು ಬಂದೆ.

ಬೀದರ್ ಸಿಸ್ಟರ್:
ನಾನು ಸರ್ಜರಿ ವಾರ್ಡಿನಲ್ಲಿ ನರ್ಸ್. ಎದೆ ಉರಿ ಜೋರಾಗಿದ್ದು ಶುಗರ್ ಕೂಡ ಇದ್ದರೆ ಸಾಮಾನ್ಯವಾಗಿ ಬೈಪಾಸ್ ಕಡೆಗೇ ಒಲವು. ಎಂಟು ವರ್ಷದ ಶುಗರ್ ಪೂರ್ತಿ ಹೋಗುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ. ಹಳೆಯದಾದಷ್ಟೂ, ಇನ್ಸುಲಿನ್ ಹತ್ತಿದಷ್ಟೂ ಆ ಅವಕಾಶ ಕಡಿಮೆ. ಮಿನಿ ಬೈಪಾಸ್ ಅಂತ ಇನ್ನೊಂದಿದೆ, ಬೈಪಾಸ್‌ನಲ್ಲಿ ಎರಡು ಕಡೆ ಜೋಡಿಸಿದರೆ ಇದರಲ್ಲಿ ಒಂದೇ ಜೋಡಣೆ, ಬೇಗ ಮುಗಿಯುತ್ತದೆ. ಆದರೆ ಪಿತ್ತರಸ ಮೇಲೆ ಬರುವ ಸಾಧ್ಯತೆ ಇದೆ, ನಿಮ್ಮ ಎದೆ ಉರಿಗೆ ಅದು ಎಷ್ಟು ಸರಿ ಅಂತ ಕೇಳಿಯೇ ಒಪ್ಪಿಕೊಳ್ಳಿ. ಹೊಟ್ಟೆಯೊಳಗೆ ಇಡುವ ಬಲೂನ್ ಅಂತಲೂ ಇದೆ, ಆರು ತಿಂಗಳಿಗೆ ತೆಗೆಯುವಂಥದ್ದು, 112 ಕೆ.ಜಿಗೆ ಅದು ಸುಮ್ನೆ.

ಯಾವುದೇ ಮಾಡಿಸಿದರೂ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ಬೈಪಾಸ್‌ನಲ್ಲಿ ಇನ್ನೂ ಕಟ್ಟುನಿಟ್ಟು. ಎರಡು ವರ್ಷ ಚೆನ್ನಾಗಿದ್ದು ಮಾತ್ರೆ ಬಿಟ್ಟು, ಆಮೇಲೆ ಕಾಲು ಜೋಮು ಹಿಡಿಯುತ್ತದೆ ಅಂತ ಬರುವವರನ್ನು ನೋಡಿದ್ದೇನೆ. ಬೈಪಾಸ್ ಆದ ಮೇಲೆ ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗುವ ಚಾಳಿಯೂ ಬೇಡ, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಇನ್ಶೂರೆನ್ಸ್ ಇದ್ದರೆ ಪಾಲಿಸಿ ತೆಗೆದು ನೋಡಿ. ಸಾಮಾನ್ಯವಾಗಿ ಬಿಎಂಐ 40 ದಾಟಿದ್ದು, ಡಯಟ್‌ನಿಂದ ಆಗಲಿಲ್ಲ ಅಂತ ಡಾಕ್ಟರು ಬರೆದುಕೊಟ್ಟರೆ ಕೇಳುವುದಕ್ಕೆ ಬರುತ್ತದೆ. ವೇಟಿಂಗ್ ಪೀರಿಯಡ್ (ಪಾಲಿಸಿ ಮಾಡಿಸಿದ ಮೇಲೆ ಕಾಯಬೇಕಾದ ಅವಧಿ) ಮುಗಿದಿರಬೇಕು ಅಷ್ಟೇ.

ರೊಟ್ಟಿಬುಟ್ಟಿ, ಕಲಬುರಗಿ:
ಎಂಡೋಸ್ಕೋಪಿ ಆಯಿತು. ಹಯಾಟಸ್ ಹರ್ನಿಯಾ ಇದೆ, ಅಂದರೆ ಹೊಟ್ಟೆಯ ಮೇಲ್ಭಾಗ ಎದೆಯ ಕಡೆ ನುಗ್ಗಿದೆಯಂತೆ, ಅನ್ನನಾಳದ ಕೊನೆ ಕೆಂಪಗೆ ಹುಣ್ಣಾಗಿದೆ. ಸ್ಲೀವ್ ಅಂದಿದ್ದ ಡಾಕ್ಟರಿಗೇ ರಿಪೋರ್ಟ್ ತೋರಿಸಿದೆ. ಕನ್ನಡಕ ತೆಗೆದು ಎರಡು ಸಲ ಓದಿ "ಹಾಗಾದರೆ ಬೈಪಾಸ್ ನೋಡೋಣಮ್ಮ" ಅಂದರು. ಮಳೆ ಬಿದ್ದ ಮೇಲೆ ಅಂತ ಹೇಳಿ ಬಂದಿದ್ದೇನೆ. ನಾದಿನಿಗೆ ಇನ್ನೂ ಹೇಳಿಲ್ಲ. ಮಾಲ್ಪುರಿ ಅಕ್ಕಾ, ರೊಟ್ಟಿ, ಶೇಂಗಾ ಹಿಂಡಿ ಎಷ್ಟು ದಿನಕ್ಕೆ ತಿಂದ್ರಿ?

ಮಾಲ್ಪುರಿ ಬಿಟ್ಟವಳು, ಕಲಬುರಗಿ:
ಮೊದಲು ತೊಗರಿ ಬೇಳೆ ಕಟ್ಟು, ಮಜ್ಜಿಗೆ. ಆಮೇಲೆ ಮಿಕ್ಸಿಗೆ ಹಾಕಿದ್ದು. ರೊಟ್ಟಿ ಮೂರನೇ ತಿಂಗಳು, ಹಾಲಲ್ಲಿ ನೆನೆಸಿ, ಅಂಗೈಯಷ್ಟು. ಹಿಂಡಿ ಚಮಚದ ತುದಿಯಲ್ಲಿ.