ಹನ್ನೆರಡು ವರ್ಷ ಜೊತೆಗಿದ್ದರೆ ಮದುವೆ ಆದಂತೆಯೇ?

ಪ್ರಶ್ನೆ (ಹೆಸರು ಬೇಡ, ಮೈಸೂರು): ನಮಸ್ಕಾರ ಸರ್. ನಾನೂ ಅವರೂ ಹನ್ನೆರಡು ವರ್ಷದಿಂದ ಕುವೆಂಪುನಗರದ ಬಾಡಿಗೆ ಮನೆಯಲ್ಲಿ ಒಟ್ಟಿಗಿದ್ದೇವೆ. ಇಬ್ಬರೂ ಹಿಂದೂಗಳೇ, ಆದರೆ ಜಾತಿ ಬೇರೆ ಅಂತ ಮನೆಯವರು ಒಪ್ಪಲಿಲ್ಲ. ತಾಳಿ, ರಿಜಿಸ್ಟರು ಏನೂ ಆಗಿಲ್ಲ. ಇಬ್ಬರಿಗೂ ಬೇರೆ ಮದುವೆಯೂ ಇಲ್ಲ, ಮಕ್ಕಳಿಲ್ಲ. ರೇಷನ್ ಕಾರ್ಡಿನಲ್ಲಿ ನಾನು ಹೆಂಡತಿ. ಮಂಡ್ಯದಲ್ಲಿ ಅವರ ಸ್ವಂತ ದುಡಿಮೆಯ ಒಂದು ಸೈಟಿದೆ. ಇಷ್ಟು ವರ್ಷ ಜೊತೆಗಿದ್ದರೆ ತಾನಾಗಿಯೇ ಗಂಡ-ಹೆಂಡತಿ, ಅಮೆರಿಕದಲ್ಲಿ ಹಾಗೇ ಅಂತ ನನ್ನ ತಂಗಿ ಹೇಳುತ್ತಾಳೆ. ನಿಜವಾ?

ವಕೀಲರು: ಅಮೆರಿಕದ್ದು ಅರ್ಧ ನಿಜ ಮೇಡಂ. ಟೆಕ್ಸಾಸ್, ಕೊಲೊರಾಡೊದಂಥ ಕೆಲವೇ ರಾಜ್ಯಗಳಲ್ಲಿ ‘ಕಾಮನ್ ಲಾ ಮದುವೆ’, ಅಂದರೆ ಶಾಸ್ತ್ರ, ರಿಜಿಸ್ಟರು ಇಲ್ಲದ ಮದುವೆ ಉಂಟು. ಅಲ್ಲೂ ಸುಮ್ನೆ ವರ್ಷ ಎಣಿಸುವುದಿಲ್ಲ. ನಾವು ಗಂಡ-ಹೆಂಡತಿ ಅಂತ ಇಬ್ಬರೂ ಒಪ್ಪಿರಬೇಕು, ನಾಲ್ಕು ಜನರೆದುರು ಹಾಗೇ ಬಾಳಿರಬೇಕು.

ನಮ್ಮಲ್ಲಿ ಅಂಥ ಮದುವೆ ಇಲ್ಲ. ಇರುವುದು ಒಂದು ಊಹೆ ಅಷ್ಟೇ. ಬಹುಕಾಲ ದಂಪತಿಗಳಂತೆ ಬಾಳಿದವರನ್ನು ಮದುವೆಯಾದವರೆಂದೇ ಕೋರ್ಟು ಭಾವಿಸಬಹುದು. 1978ರ ಬದ್ರಿ ಪ್ರಸಾದ್ ಪ್ರಕರಣದಲ್ಲಿ ಜೋಡಿ ಸುಮಾರು 50 ವರ್ಷ ಬಾಳಿತ್ತು. ಅರ್ಧ ಶತಮಾನದ ಮೇಲೆ ಪುರೋಹಿತರನ್ನು ಸಾಕ್ಷಿಗೆ ತನ್ನಿ ಅನ್ನುವುದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆದರೆ ಈ ಊಹೆಯನ್ನು ಎದುರಿನವರು ಸಾಕ್ಷಿ ಕೊಟ್ಟು ಒಡೆಯಬಹುದು. ನೀವೇ ‘ತಾಳಿ ಇಲ್ಲ, ರಿಜಿಸ್ಟರಿಲ್ಲ’ ಅಂತ ಬರೆದಿದ್ದೀರಿ. ಎಲ್ಲಿ, ಯಾವತ್ತು ಮದುವೆಯಾಯಿತು ಅಂತ ಪಾಟೀಸವಾಲಿನಲ್ಲಿ ಕೇಳಿದರೆ ಏನು ಹೇಳುತ್ತೀರಿ? ರೇಷನ್ ಕಾರ್ಡು ಒಂದು ಸಾಕ್ಷಿ ಆದೀತು, ಮದುವೆ ಪತ್ರ ಆಗದು. ಅವರ ತಾಯಿ ಇದ್ದಾರಾ?

ಪ್ರಶ್ನಿಸಿದವರು: ಇದ್ದಾರೆ ಸರ್. ಊರಲ್ಲಿ, ದೊಡ್ಡ ಮಗನ ಜೊತೆ.

ವಕೀಲರು: ಹಾಗಾದರೆ ಕೇಳಿ. ವಿಲ್ ಬರೆಯದೆ ನಿಮ್ಮವರು ತೀರಿಕೊಂಡರೆ, ನೀವು ಹೆಂಡತಿ ಅಂತ ಸಾಬೀತಾಗದಿದ್ದರೆ, 1956ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಇಡೀ ಸೈಟು ತಾಯಿಗೆ. ಹಾಗಾಗಿ ಈ ವಾರವೇ ಅವರಿಂದ ಒಂದು ವಿಲ್ ಬರೆಸಿ. ಇಬ್ಬರು ಸಾಕ್ಷಿ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ.

ಆಮೇಲೆ ಮದುವೆಯಾಗಿ! 1954ರ ವಿಶೇಷ ವಿವಾಹ ಕಾಯ್ದೆಗೆ ಜಾತಿ ಅಡ್ಡ ಬರುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಟಿಸು ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿ ಬೇಕು. ನೋಟಿಸು ಗೋಡೆಗೆ ಅಂಟಿಸುತ್ತಾರೆ, ಅದು ಬೇಡವೆಂದರೆ ದೇವಸ್ಥಾನದಲ್ಲಿ ಶಾಸ್ತ್ರ ಮಾಡಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿ. ಶಾಸ್ತ್ರವಿಲ್ಲದ ಬರೀ ನೋಂದಣಿ ಹಿಂದೂ ಮದುವೆಯಲ್ಲ ಅಂತ 2024ರಲ್ಲಿ ತೀರ್ಪಾಗಿದೆ. ನೋಟರಿ ಮುಂದೆ ಬಾಂಡ್ ಪೇಪರಿನಲ್ಲಿ ‘ಮದುವೆ ಕರಾರು’ ಮಾಡಿಸುವವರ ಹತ್ತಿರ ಮಾತ್ರ ಹೋಗಬೇಡಿ. ದುಡ್ಡು ದಂಡ.

ಇನ್ನೊಬ್ಬರು: ಸರ್, ಆತನಿಗೆ ಮೊದಲೇ ಮದುವೆಯಾಗಿದ್ದು, ಹೆಂಡತಿ ಬದುಕಿದ್ದರೆ?

ವಕೀಲರು: ಆಗ ಕಷ್ಟ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ತಾಳಿಯಿಲ್ಲದ ಸಂಬಂಧಕ್ಕೂ ರಕ್ಷಣೆ, ಜೀವನಾಂಶ ಕೊಡುತ್ತದೆ. ಆದರೆ ಇಬ್ಬರೂ ಮದುವೆಗೆ ಅರ್ಹರಿರಬೇಕು ಅಂತ 2010ರ ವೇಲುಸಾಮಿ ತೀರ್ಪು ಹೇಳುತ್ತದೆ. 2013ರ ಇಂದ್ರಾ ಶರ್ಮಾ ಪ್ರಕರಣದಲ್ಲಿ, ಆತನಿಗೆ ಹೆಂಡತಿ ಇರುವುದು ಗೊತ್ತಿದ್ದೂ ವರ್ಷಗಟ್ಟಲೆ ಜೊತೆಗಿದ್ದ ಮಹಿಳೆಗೆ ಈ ಕಾಯ್ದೆಯಡಿ ಏನೂ ಸಿಗಲಿಲ್ಲ. ನನಗೆ ಅದು ಕಠಿಣ ಅನ್ನಿಸುತ್ತದೆ, ಆದರೆ ಕಾನೂನು ಸದ್ಯ ಹಾಗಿದೆ. ಮಗುವಿದ್ದರೆ ಅದರ ಜೀವನಾಂಶಕ್ಕೆ ತಂದೆಯ ಮೇಲೆ ಅರ್ಜಿ ಹಾಕಬಹುದು. ಅಪ್ಪ-ಅಮ್ಮನ ಮದುವೆ ಆಗಿಲ್ಲ ಅನ್ನುವುದು ಅದಕ್ಕೆ ಅಡ್ಡಿಯಲ್ಲ.