ಪದಚರ್ಚೆ: ‘ಪಳಗಿದ’ ಗೊರಿಲ್ಲಾ ಎನ್ನಬಹುದೇ?

ಮಾನ್ಯರೇ,

ವನ್ಯಜೀವಿ ಸಪ್ತಾಹಕ್ಕೆ ಶಾಲೆಯೊಂದರಲ್ಲಿ ನಿಲ್ಲಿಸುವ ಫಲಕಕ್ಕಾಗಿ ಉಗಾಂಡಾದ ಬ್ವಿಂಡಿ ಕಾಡಿನ ಬೆಟ್ಟದ ಗೊರಿಲ್ಲಾಗಳ ಬಗ್ಗೆ ಬರೆಯುತ್ತಿದ್ದು, ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕಾಗಿದೆ. ಜನರನ್ನು ಕಂಡರೆ ಓಡದಂತೆ, ಮೇಲೆರಗದಂತೆ, ಎರಡು ವರ್ಷವೋ ಇನ್ನೂ ಹೆಚ್ಚೋ ದಿನವೂ ಹಿಂಬಾಲಿಸಿ ರೂಢಿ ಮಾಡಿಸಿದ ಗುಂಪುಗಳನ್ನು ಇಂಗ್ಲಿಷಿನಲ್ಲಿ ‘ಹ್ಯಾಬಿಚುಯೇಟೆಡ್’ ಎನ್ನುತ್ತಾರೆ. ಇದಕ್ಕೆ ‘ಪಳಗಿದ’ ಸರಿಯೇ? ಬಾಳೆತೋಟಕ್ಕೆ ನುಗ್ಗಿದ ಗೊರಿಲ್ಲಾಗಳನ್ನು ಪೆಟ್ಟಾಗದಂತೆ ಮರಳಿ ಕಾಡಿಗೆ ಅಟ್ಟುವ ಊರಿನ ಸ್ವಯಂಸೇವಕರಿಗೆ ‘ಗೊರಿಲ್ಲಾ ಗಾರ್ಡಿಯನ್ಸ್’ ಎಂಬ ಹೆಸರಿದೆ. ‘ಗೊರಿಲ್ಲಾ ರಕ್ಷಕರು’ ಎಂದರೆ ಸಾಕೇ? ಶೀರ್ಷಿಕೆಯನ್ನು ಸದ್ಯಕ್ಕೆ ‘ಮಳೆಕಾಡಿನ ಗೊರಿಲ್ಲಾ ಮತ್ತು ಸ್ಥಳೀಯ ಸಮುದಾಯ’ ಎಂದು ಇಟ್ಟಿದ್ದೇನೆ.

ಮೊದಲ ಉತ್ತರ

‘ಪಳಗಿದ’ ಖಂಡಿತ ಕೂಡದು. ಪಳಗಿಸುವುದು ಸಕ್ರೆಬೈಲಿನ ಆನೆಯನ್ನು. ಅದು ಮಾವುತನ ಮಾತು ಕೇಳುತ್ತದೆ, ಅವನ ಕೈಯಿಂದ ತಿನ್ನುತ್ತದೆ. ಬ್ವಿಂಡಿಯ ಗೊರಿಲ್ಲಾ ಯಾರ ಅಂಕೆಯಲ್ಲೂ ಇಲ್ಲ, ಮತ್ತು ನಮ್ಮ ನೆಗಡಿಯೇ ಅದರ ಪ್ರಾಣಕ್ಕೆ ಕುತ್ತಾಗಬಲ್ಲದಾದ್ದರಿಂದ ನೋಡಬಂದವರು ದೂರವೇ ನಿಲ್ಲಬೇಕು. 1996ರಲ್ಲಿ ಅಲ್ಲಿನ ಒಂದು ಗುಂಪಿಗೆ ಕಜ್ಜಿ ತಗುಲಿ ಮರಿಯೊಂದು ಸತ್ತಿತು. ಹೊಲದ ಬೆದರುಬೊಂಬೆಗೆ ತೊಡಿಸಿದ್ದ ಹಳೆಯ ಬಟ್ಟೆಯಿಂದ ಅದು ಅಂಟಿರಬೇಕೆಂಬ ಅನುಮಾನ ಬಂತು. ಆಗ ಚಿಕಿತ್ಸೆ ನೀಡಿದ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೊಕಾ ಅವರು ಊರಿನವರ ಆರೋಗ್ಯವನ್ನೂ ಗೊರಿಲ್ಲಾಗಳ ಆರೋಗ್ಯವನ್ನೂ ಒಟ್ಟಿಗೆ ನೋಡಿಕೊಳ್ಳುವ ಸಂಸ್ಥೆಯನ್ನು ಮುಂದೆ ಕಟ್ಟಿದ್ದು ಈ ಅನುಭವದಿಂದಲೇ. ‘ಪಳಗಿದ’ ಎಂದು ಓದಿದ ಮಗು, ಅದನ್ನು ಮುಟ್ಟಬಹುದು ಎಂದುಕೊಳ್ಳುತ್ತದೆ. ‘ಜನರಿಗೆ ಒಗ್ಗಿದ ಗೊರಿಲ್ಲಾ’ ಎಂದು ಬರೆಯಿರಿ. ಅಂದಹಾಗೆ, ಶೀರ್ಷಿಕೆಯಲ್ಲಿರುವ ‘ಮಳೆಕಾಡು’ ಮಳೆಗಾಡು ಆಗಬೇಕು. ಮಳೆಗಾಲ ಎನ್ನುವ ನಾಲಿಗೆಗೆ ಮಳೆಗಾಡು ಕಷ್ಟವಾಗದು.

ಎರಡನೆಯ ಉತ್ತರ

ಮಳೆಕಾಡು ಪತ್ರಿಕೆಗಳಲ್ಲಿ ನೆಲೆಯೂರಿರುವ ರೂಪ. ಕಾಡು ‘ಗಾಡು’ ಆಗುವ ಆದೇಶ ಸಂಧಿ ಇಲ್ಲಿ ಆಗಲೇಬೇಕೆಂಬ ಹಟ ಅನಗತ್ಯ. ನನ್ನ ತಕರಾರು ‘ರಕ್ಷಕರು’ ಎಂಬುದರ ಬಗ್ಗೆ. ಆ ಸಂಸ್ಕೃತ ಪದ ಕೇಳಿದೊಡನೆ ಸಮವಸ್ತ್ರ ತೊಟ್ಟ ಅರಣ್ಯ ಸಿಬ್ಬಂದಿ ಕಣ್ಣಿಗೆ ಬರುತ್ತಾರೆ. ಇವರಾದರೋ ಅದೇ ಇಳಿಜಾರಿನಲ್ಲಿ ಬಾಳೆ ಬೆಳೆಯುವ ರೈತರು. ಗೊರಿಲ್ಲಾ ಬಾಳೆದಿಂಡನ್ನು ಸೀಳಿ ತಿರುಳು ತಿನ್ನುವಾಗ ಕಲ್ಲೆಸೆಯದೆ, ಸದ್ದು ಮಾಡುತ್ತ, ನಿಧಾನವಾಗಿ ಕಾಡಿನತ್ತ ತಿರುಗಿಸುತ್ತಾರೆ. ‘ಗೊರಿಲ್ಲಾ ಕಾವಲಿನವರು’ ಎನ್ನಿ. ಗೊರಿಲ್ಲಾದಿಂದ ಬೆಳೆಯನ್ನು ಕಾಯುವವರೋ, ಜನರಿಂದ ಗೊರಿಲ್ಲಾವನ್ನು ಕಾಯುವವರೋ ಎಂಬ ಸಂದೇಹ ಯಾರಿಗಾದರೂ ಬಂದರೆ ಬರಲಿ, ಅವರು ಎರಡನ್ನೂ ಕಾಯುತ್ತಾರೆ. ಗೊರಿಲ್ಲಾ ಎಂಬ ಎರವಲನ್ನಾದರೂ ಏಕೆ ಉಳಿಸಿಕೊಳ್ಳಬೇಕು? ಹೆದ್ದಾರಿಯಂತೆ ‘ಹೆಗ್ಗೋತಿ’ ಎಂದರೆ ಅಚ್ಚಗನ್ನಡವಾಗುತ್ತದೆ.

ಮೂರನೆಯ ಉತ್ತರ

ಹೆಗ್ಗೋತಿ ತಪ್ಪು. ಗೊರಿಲ್ಲಾ ಕೋತಿಯಲ್ಲ, ಅದಕ್ಕೆ ಬಾಲವಿಲ್ಲ. ‘ಗೊರಿಲ್ಲಾ’ ಇಂಗ್ಲಿಷಿಗೂ ಸ್ವಂತ ಪದವಲ್ಲ. 1847ರಲ್ಲಿ ಥಾಮಸ್ ಸ್ಯಾವೇಜ್ ಎಂಬ ಮಿಷನರಿ ವೈದ್ಯ, ಕಾರ್ತೇಜಿನ ಪ್ರಾಚೀನ ನಾವಿಕ ಹನ್ನೋನ ಸಮುದ್ರಯಾನದ ಗ್ರೀಕ್ ಪಠ್ಯದಿಂದ ಅದನ್ನು ಎತ್ತಿಕೊಂಡ. ಎರವಲೇ ಬೇಡವೆನ್ನುವವರು, ರುವಾಂಡಾದವರು ಆ ಪ್ರಾಣಿಯನ್ನು ‘ಇಂಗಾಗಿ’ ಎನ್ನುತ್ತಾರೆ ಎಂಬುದನ್ನಾದರೂ ತಿಳಿದಿರಲಿ.

ಫಲಕದಲ್ಲಿ ನನಗೆ ನಿಜವಾಗಿ ಚುಚ್ಚಿದ್ದು ‘ಸ್ಥಳೀಯ ಸಮುದಾಯ’. ಬ್ವಿಂಡಿಯ ಸುತ್ತ ವ್ಯವಸಾಯ ಮಾಡುವ ಬಕಿಗರಿದ್ದಾರೆ. ಕಾಡಿನೊಳಗೇ ಜೇನು ತೆಗೆದು, ಬೇಟೆಯಾಡಿ ಬದುಕಿದ್ದ ಬತ್ವರೂ ಇದ್ದಾರೆ. 1991ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದಾಗ ಬತ್ವರು ಕಾಡನ್ನೇ ಕಳೆದುಕೊಂಡರು, ಹಲವರಿಗೆ ಇಂದಿಗೂ ಸ್ವಂತ ನೆಲವಿಲ್ಲ. ಅವರಿಗೆ ಅನ್ಯಾಯವಾಗಿದೆ ಎಂಬುದನ್ನು 2021ರಲ್ಲಿ ಉಗಾಂಡಾದ ಸಂವಿಧಾನ ನ್ಯಾಯಾಲಯವೂ ಒಪ್ಪಿತು. ಬೆಟ್ಟದ ಗೊರಿಲ್ಲಾಗಳ ಸಂಖ್ಯೆ 1063ಕ್ಕೆ ಏರಿದ್ದನ್ನು ಫಲಕದಲ್ಲಿ ಹೆಮ್ಮೆಯಿಂದ ಹಾಕುವಿರಾದರೆ, ‘ಸಮುದಾಯ’ ಎಂಬ ಒಂದೇ ಪದದಡಿ ಬತ್ವರನ್ನು ಮರೆಮಾಡಬೇಡಿ. ಶೀರ್ಷಿಕೆಯಲ್ಲಿ ‘ಬಕಿಗರು, ಬತ್ವರು’ ಎಂದು ಹೆಸರು ಹಿಡಿದೇ ಬರೆಯಿರಿ. ಜಾಗ ಸಾಲದಿದ್ದರೆ ಮಳೆಕಾಡನ್ನು ಬರಿಯ ಕಾಡು ಮಾಡಿ.